ಚೇಷ್ಟೆ ಎಲ್ಲಿಂದ ಬಂತು?

"ಕಾಕಚೇಷ್ಟಾ ಬಕಧ್ಯಾನಂ ಶ್ವಾನನಿದ್ರಾ ತಥೈವ ಚ" ಎಂಬ ಸುಭಾಷಿತವನ್ನು ನೀವು ಕೇಳಿರಬಹುದು. ಒಳ್ಳೆಯ ವಿದ್ಯಾರ್ಥಿಗೆ ಐದು ಲಕ್ಷಣ ಇರಬೇಕಂತೆ. ಕೊಕ್ಕರೆಯ ಹಾಗೆ ಏಕಾಗ್ರತೆ, ನಾಯಿಯ ಹಾಗೆ ಎಚ್ಚರದ ನಿದ್ದೆ, ಮಿತವಾದ ಊಟ, ಮನೆಯ ಮೋಹ ಬಿಡುವುದು, ಇವು ನಾಲ್ಕು. ಮೊದಲನೆಯದು ಕಾಕಚೇಷ್ಟೆ. ಕನ್ನಡದ ಹುಡುಗನಿಗೆ ಇಲ್ಲೇ ಗೊಂದಲ. ಕಾಗೆಯ ಚೇಷ್ಟೆ ಅಂದರೆ ಅವನಿಗೆ ಗೊತ್ತಿರುವುದು ಒಂದೇ: ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆಯನ್ನು ಕಚ್ಚಿಕೊಂಡು ಹೋಗುವುದು. ವಿದ್ಯಾರ್ಥಿಯಾಗಲು ಅದೂ ಬೇಕಾ?

ಶ್ಲೋಕ ಹೇಳುವುದು ಬೇರೆ. ಅಲ್ಲಿ ಚೇಷ್ಟಾ ಅಂದರೆ ಪ್ರಯತ್ನ. ಒಂದು ಸಲ ಓಡಿಸಿದರೆ ಮತ್ತೆ ಬರುವ, ಬಿಡದೆ ಹುಡುಕುವ ಕಾಗೆಯ ಛಲ ವಿದ್ಯಾರ್ಥಿಗಿರಲಿ ಅಂತ. ಸಂಡಿಗೆಯ ಕಡೆಯಿಂದ ನೋಡಿದರೆ ಎರಡೂ ಒಂದೇ ಅನ್ನಿ. ಆದರೆ ಭಾಷೆಯ ಕಡೆಯಿಂದ ನೋಡಿದಾಗ ಇಲ್ಲೊಂದು ಒಳ್ಳೆಯ ಕತೆ ಇದೆ. ಒಂದೇ ಪದ ಒಂದು ಕಡೆ ಪ್ರಯತ್ನವಾಗಿ, ಇನ್ನೊಂದು ಕಡೆ ತುಂಟತನವಾಗಿ ನಿಂತದ್ದು ಹೇಗೆ?

ಪದದ ರೂಪದಲ್ಲಿ ಗುಟ್ಟೇನೂ ಇಲ್ಲ. ಸಂಸ್ಕೃತದಲ್ಲಿ ಆಕಾರದಲ್ಲಿ ಮುಗಿಯುವ ಪದಗಳು ಕನ್ನಡಕ್ಕೆ ಬರುವಾಗ ಎಕಾರ ಪಡೆಯುತ್ತವೆ. ಮಾಲಾ ಮಾಲೆಯಾಯಿತು, ಶಾಲಾ ಶಾಲೆಯಾಯಿತು, ಭಾಷಾ ಭಾಷೆಯಾಯಿತು. ಹಾಗೇ ಚೇಷ್ಟಾ ಚೇಷ್ಟೆಯಾಯಿತು. ಮೂಲದಲ್ಲಿರುವುದು ಚೇಷ್ಟ್ ಎಂಬ ಧಾತು. ಅದರ ಅರ್ಥ ಅಲುಗಾಡು, ಕೈಕಾಲು ಆಡಿಸು, ಚಲಿಸು. ಇಷ್ಟೇ. ಅದರಲ್ಲಿ ತುಂಟತನವೂ ಇಲ್ಲ, ಛಲವೂ ಇಲ್ಲ.

ಈ ಹಳೆಯ ಅರ್ಥ ಎಷ್ಟು ಗಟ್ಟಿಯಾಗಿತ್ತು ಅನ್ನುವುದಕ್ಕೆ ಪಾಣಿನಿಯ ವ್ಯಾಕರಣದಲ್ಲೇ ಸಾಕ್ಷಿ ಸಿಗುತ್ತದೆ. ಹೋಗು, ನಡೆ ಎಂಬಂಥ ಕ್ರಿಯಾಪದಗಳ ಜೊತೆ ಯಾವ ವಿಭಕ್ತಿ ಬರಬೇಕು ಅಂತ ಅಷ್ಟಾಧ್ಯಾಯಿಯ ಒಂದು ಸೂತ್ರ ಹೇಳುತ್ತದೆ. ಊರಿಗೆ ಹೋಗುತ್ತಾನೆ ಅನ್ನಲು ಸಂಸ್ಕೃತದಲ್ಲಿ "ಗ್ರಾಮಂ ಗಚ್ಛತಿ" ಅನ್ನಬಹುದು, "ಗ್ರಾಮಾಯ ಗಚ್ಛತಿ" ಅಂತಲೂ ಅನ್ನಬಹುದು. ಆದರೆ ಒಂದು ಷರತ್ತು ಇದೆ. ಅಲ್ಲಿ ಚೇಷ್ಟೆ ಇರಬೇಕು. ಅಂದರೆ ಮೈ ನಿಜವಾಗಿ ಚಲಿಸಬೇಕು. ಕುಳಿತಲ್ಲೇ ಕುಳಿತು ಮನಸ್ಸಿನಲ್ಲಿ ಪಾಟಲಿಪುತ್ರಕ್ಕೆ ಹೋಗುವವನಿಗೆ ಈ ಆಯ್ಕೆ ಇಲ್ಲ, ಅವನಿಗೆ ದ್ವಿತೀಯಾ ವಿಭಕ್ತಿ, ಅಂದರೆ "ಗ್ರಾಮಂ" ಎಂಬಂಥ ರೂಪ ಮಾತ್ರ. ಈ ಪಾಟಲಿಪುತ್ರದ ಉದಾಹರಣೆ ಕಾಶಿಕಾ ಎಂಬ ವ್ಯಾಖ್ಯಾನದ್ದು. ಹಗಲುಗನಸು ಕಾಣುವವನಿಗೂ ಕಾಲೆತ್ತಿ ನಡೆಯುವವನಿಗೂ ವಿಭಕ್ತಿಯಲ್ಲೇ ವ್ಯತ್ಯಾಸ ಮಾಡಿದ ವ್ಯಾಕರಣ ಅದು!

ವೈದ್ಯದಲ್ಲೂ ಇದೇ ಅರ್ಥ. ಚರಕಸಂಹಿತೆಯ ಸೂತ್ರಸ್ಥಾನದ 12ನೇ ಅಧ್ಯಾಯ ವಾಯುವನ್ನು ಎಲ್ಲ ಬಗೆಯ ಚೇಷ್ಟೆಗಳ ಪ್ರವರ್ತಕ ಅನ್ನುತ್ತದೆ. ಕಣ್ಣು ಮಿಟುಕಿಸುವುದರಿಂದ ಹಿಡಿದು ಓಡುವವರೆಗೆ ದೇಹದಲ್ಲಿ ಏನು ಚಲಿಸಿದರೂ ಅದು ವಾತದ ಕೆಲಸ ಅಂತ. ಭಗವದ್ಗೀತೆಯಲ್ಲೂ ಈ ಪದ ಬರುತ್ತದೆ. ಮೂರನೇ ಅಧ್ಯಾಯದಲ್ಲಿ "ಸದೃಶಂ ಚೇಷ್ಟತೇ ಸ್ವಸ್ಯಾಃ ಪ್ರಕೃತೇರ್ಜ್ಞಾನವಾನಪಿ" ಅಂತ ಇದೆ. ಜ್ಞಾನಿಯಾದವನೂ ತನ್ನ ಸ್ವಭಾವಕ್ಕೆ ತಕ್ಕಂತೆಯೇ ನಡೆದುಕೊಳ್ಳುತ್ತಾನೆ ಅಂತ ಅರ್ಥ. ಜ್ಞಾನಿಯೂ ಚೇಷ್ಟೆ ಮಾಡುತ್ತಾನೆ ಅಂತ ಕನ್ನಡದ ಕಿವಿಯಲ್ಲಿ ಕೇಳಿಕೊಂಡರೆ ಕೆಟ್ಟಿತು.

ನನಗೆ ಹೆಚ್ಚು ಇಷ್ಟವಾಗುವುದು ನ್ಯಾಯಶಾಸ್ತ್ರದವರ ಮಾತು. ಗೌತಮನ ನ್ಯಾಯಸೂತ್ರ ಶರೀರ ಅಂದರೆ ಏನು ಅಂತ ಹೇಳುವಾಗ ಚೇಷ್ಟೆಯನ್ನೇ ಮೊದಲು ಇಡುತ್ತದೆ. ಚೇಷ್ಟೆಗೆ, ಇಂದ್ರಿಯಗಳಿಗೆ, ಅರ್ಥಗಳಿಗೆ (ಅಂದರೆ ಇಂದ್ರಿಯಗಳ ವಿಷಯಗಳಿಗೆ) ಆಶ್ರಯವಾಗಿರುವುದೇ ಶರೀರ ಅಂತ. ಹಾಗಾದರೆ ಚೇಷ್ಟೆ ಅಂದರೇನು? ಭಾಷ್ಯ ಬರೆದ ವಾತ್ಸ್ಯಾಯನ ಅದನ್ನು ಬಿಡಿಸುತ್ತಾನೆ. ಏನೋ ಬೇಕು ಅಥವಾ ಏನೋ ಬೇಡ ಎಂಬ ಆಸೆ ಒಳಗೆ ಹುಟ್ಟಬೇಕು. ಅದನ್ನು ಪಡೆಯಲು ಅಥವಾ ತಪ್ಪಿಸಿಕೊಳ್ಳಲು ಮೈ ಕೆಲಸಕ್ಕೆ ಇಳಿಯಬೇಕು. ಅದು ಚೇಷ್ಟೆ. ಬೆಟ್ಟದಿಂದ ಉರುಳುವ ಕಲ್ಲೂ ಚಲಿಸುತ್ತದೆ, ಆದರೆ ಅದಕ್ಕೆ ಏನೂ ಬೇಕಾಗಿಲ್ಲ.

ಈ ಸೂಕ್ಷ್ಮ ಇವತ್ತಿನ ಕನ್ನಡದಲ್ಲೂ ಹಾಗೇ ಉಳಿದಿದೆ. ಗಾಳಿ ಬೀಸಿ ಮೇಜಿನ ಮೇಲಿನ ಲೋಟ ಬಿದ್ದರೆ ನಾವು ಯಾರನ್ನೂ ಬೈಯಲ್ಲ. ಅದೇ ಲೋಟವನ್ನು ಬೆಕ್ಕು ನಮ್ಮ ಮುಖ ನೋಡುತ್ತಾ ನೋಡುತ್ತಾ ಪಂಜದಿಂದ ಅಂಚಿಗೆ ತಳ್ಳಿದರೆ ಅದು ಚೇಷ್ಟೆ. ಎರಡರಲ್ಲೂ ಒಡೆದದ್ದು ಒಂದೇ ಲೋಟ. ಬೆಕ್ಕಿಗೆ ಏನೋ ಬೇಕಾಗಿತ್ತು ಅನ್ನುವುದಷ್ಟೇ ವ್ಯತ್ಯಾಸ.

ಸರಿ, ಚಲನೆ ಎಂಬ ಮೂಲದಿಂದ ದಾರಿ ಕವಲಾದದ್ದು ಹೇಗೆ? ಬಂಗಾಳಿ, ಒಡಿಯಾ, ಅಸ್ಸಾಮಿ, ಹಿಂದಿ, ನೇಪಾಳಿಗಳಲ್ಲಿ ಮೈ ಆಡಿಸುವುದು ಮೈ ಬಗ್ಗಿಸಿ ದುಡಿಯುವುದಾಗಿ, ಅಲ್ಲಿಂದ ಪ್ರಯತ್ನವಾಯಿತು. ಬಂಗಾಳಿಯಲ್ಲಂತೂ ಇದು ದಿನನಿತ್ಯದ ಮಾತು. ಬೆಂಗಳೂರಿನ ಆಫೀಸಿನಲ್ಲಿ ಪಕ್ಕದ ಕುರ್ಚಿಯ ಬಂಗಾಳಿ ಹುಡುಗ ಫೋನಿನಲ್ಲಿ "ಆಮಿ ಚೇಷ್ಟಾ ಕೊರ್ಛಿ" ಅಂದರೆ, ನಾನು ಪ್ರಯತ್ನಪಡುತ್ತಿದ್ದೇನೆ ಅಂತ ಅವನು ಪಾಪ ಯಾರಿಗೋ ಭರವಸೆ ಕೊಡುತ್ತಿರುತ್ತಾನೆ. ನಮ್ಮ ಕಿವಿಗೆ ಮಾತ್ರ ಅದು ತಪ್ಪೊಪ್ಪಿಗೆ.

ದಕ್ಷಿಣದಲ್ಲಿ, ಮರಾಠಿಯನ್ನೂ ಸೇರಿಸಿಕೊಂಡು, ಪದ ಬೇರೆ ದಾರಿ ಹಿಡಿಯಿತು. ಮರಾಠಿಯಲ್ಲಿ ಚೇಷ್ಟಾ ಅಂದರೆ ಗೇಲಿ, ತಮಾಷೆ. ಧಾರವಾಡದ ಕಡೆ "ಚ್ಯಾಷ್ಟಿ ಮಾಡಬ್ಯಾಡ" ಅಂದಾಗಲೂ ಈ ಗೇಲಿಯ ವಾಸನೆ ಇದೆ, ಸುಮ್ನೆ ಕಾಲೆಳೆಯಬೇಡ ಅಂತ. ತೆಲುಗಿನಲ್ಲಿ ಪದ ಇನ್ನೂ ವರ್ತನೆ ಎಂಬ ಅರ್ಥದ ಹತ್ತಿರವೇ ನಿಂತಿದೆ, ಆದರೆ "ಪಿಚ್ಚಿ ಚೇಷ್ಟಲು" ಅಂದರೆ ಹುಚ್ಚಾಟ. ತಮಿಳಿನಲ್ಲಿ ಅದು ಸೇಟ್ಟೈ ಆಗಿ, ಮಕ್ಕಳ ತುಂಟಾಟಕ್ಕೆ ಎಲ್ಲರೂ ಬಳಸುವ ಪದವಾಗಿದೆ. ತಮಿಳಿನಲ್ಲಿ ಇದರ ಜೊತೆ ಒಂದು ಮೋಜೂ ಆಯಿತು. ಲಕ್ಷ್ಮಿಯ ಅಕ್ಕ, ದಾರಿದ್ರ್ಯದ ದೇವತೆ ಜ್ಯೇಷ್ಠೆಯ ಹೆಸರೂ ತಮಿಳಿನ ಬಾಯಲ್ಲಿ ಸವೆದು ಸೇಟ್ಟೈ ಆಯಿತು. ಹಾಗಾಗಿ ಅಲ್ಲಿನ ನಿಘಂಟಿನಲ್ಲಿ ತುಂಟತನವೂ ದರಿದ್ರಲಕ್ಷ್ಮಿಯೂ ಒಂದೇ ಅಕ್ಷರಗಳಲ್ಲಿ ಅಕ್ಕಪಕ್ಕ ಕುಳಿತಿವೆ.

ಕನ್ನಡದಲ್ಲಿ ಅರ್ಥ ಜಾರಿದ ದಾರಿಯನ್ನು ಈ ಪದದ ಸಮಾಸಗಳಲ್ಲೇ ಗುರುತಿಸಬಹುದು. ಅಂಗಚೇಷ್ಟೆ ಅಂದರೆ ಹಾವಭಾವ. ಬಾಲಚೇಷ್ಟೆ ಅಂದರೆ ಮಕ್ಕಳ ಆಟಪಾಟ. ಕಪಿಚೇಷ್ಟೆ, ಮರ್ಕಟಚೇಷ್ಟೆ ಅಂದರೆ ಗೊತ್ತೇ ಇದೆ. ಚೇಷ್ಟೆ ಎಂಬ ಸಾಮಾನ್ಯ ಪದ ಯಾವಾಗಲೂ ಮಗು, ಮಂಗಗಳ ಜೊತೆಯಲ್ಲೇ ಓಡಾಡಿತು. ಸಹವಾಸದೋಷ ಪದಗಳಿಗೂ ತಗಲುತ್ತದೆ. ಕೊನೆಗೆ ಮುಂದಿನ ಕಪಿ ಬಿಟ್ಟುಹೋದರೂ ಕಪಿಯ ಗುಣ ಚೇಷ್ಟೆಯಲ್ಲಿ ಉಳಿಯಿತು. ಇಷ್ಟಾದರೂ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. "ರಸ್ತೆ ಬದಿಯಲ್ಲಿ ನಿಶ್ಚೇಷ್ಟಿತನಾಗಿ ಬಿದ್ದಿದ್ದ ವ್ಯಕ್ತಿ" ಅಂತ ಪೇಪರಿನಲ್ಲಿ ಓದುವಾಗ, ಅವನು ತುಂಟತನ ಬಿಟ್ಟಿದ್ದ ಅಂತ ಯಾರೂ ತಿಳಿಯುವುದಿಲ್ಲ. ಅಲ್ಲಿ ಪಾಣಿನಿಯ ಕಾಲದ ಚೇಷ್ಟೆಯೇ ಇದೆ, ಮೈಯ ಚಲನೆ.

ಮಂಗನ ವಿಷಯ ಬಂದ ಮೇಲೆ ಪಂಚತಂತ್ರದ ಕತೆಯನ್ನು ಬಿಡುವಂತಿಲ್ಲ. ದೇವಸ್ಥಾನ ಕಟ್ಟುವ ಜಾಗ. ಬಡಗಿಗಳು ಒಂದು ದಿಮ್ಮಿಯನ್ನು ಅರ್ಧ ಸೀಳಿ, ಸೀಳು ಮುಚ್ಚದಿರಲಿ ಅಂತ ನಡುವೆ ಬೆಣೆ ಹೊಡೆದು ಊಟಕ್ಕೆ ಹೋಗಿದ್ದಾರೆ. ಮಂಗಗಳ ಹಿಂಡು ಬರುತ್ತದೆ. ಒಂದು ಮಂಗ ದಿಮ್ಮಿಯ ಮೇಲೆ ಕೂರುತ್ತದೆ, ಕೆಳಭಾಗ ಸೀಳಿನೊಳಗೆ ಇಳಿದಿದೆ. ಎರಡೂ ಕೈಯಲ್ಲಿ ಬೆಣೆ ಹಿಡಿದು ಎಳೆಯುತ್ತದೆ. ಬೆಣೆ ಬರುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ. ಅದಕ್ಕೆ ಬೆಣೆಯಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಬೆಣೆ ಅಲ್ಲಿತ್ತು, ಕೈ ಖಾಲಿ ಇತ್ತು, ಅಷ್ಟೇ. ತನ್ನದಲ್ಲದ ಕೆಲಸಕ್ಕೆ ಕೈ ಹಾಕುವವನ ಗತಿ ಹೀಗೆ ಅಂತ ಕತೆ ಹೇಳುತ್ತದೆ. ಚಾಮುಂಡಿ ಬೆಟ್ಟದಲ್ಲೋ ದೇವರಾಯನದುರ್ಗದಲ್ಲೋ ನಿಲ್ಲಿಸಿದ ಸ್ಕೂಟರಿನ ಕನ್ನಡಿ ತಿರುಗಿಸಿ ತಿರುಗಿಸಿ ಮುಖ ನೋಡಿಕೊಳ್ಳುವ ಕೋತಿಯನ್ನು ಕಂಡವರಿಗೆ ಆ ಬೆಣೆಯ ಆಕರ್ಷಣೆ ಅರ್ಥವಾಗುತ್ತದೆ. ಅದೇ ಗುಣ ಮನುಷ್ಯರಲ್ಲಿ ಕಂಡಾಗ ನಮ್ಮವರು ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಅಂದರು.

ಚೇಷ್ಟೆ ಕನ್ನಡದಲ್ಲಿ ಇಷ್ಟು ಚೆನ್ನಾಗಿ ಬೇರುಬಿಟ್ಟದ್ದಕ್ಕೆ ನನಗೆ ತೋಚುವ ಕಾರಣ ಇನ್ನೊಂದಿದೆ. ನಾವು ಮಕ್ಕಳನ್ನು ಬೈಯುವ ರೀತಿ ಗಮನಿಸಿ. "ಕೈ ಸುಮ್ನಿರಲ್ವಾ?" "ಇದ್ದಲ್ಲಿ ಇರೋಕಾಗಲ್ವಾ?" "ಒಂದು ಕಡೆ ಕೂತ್ಕೋ." ಒಳ್ಳೆಯವನಾಗು ಅಂತ ಯಾರೂ ಹೇಳಲ್ಲ, ಸುಮ್ಮನಿರು ಅಂತ ಹೇಳುತ್ತಾರೆ. ಕನ್ನಡದ ಮನೆಗಳಲ್ಲಿ ತುಂಟತನದ ವಿರುದ್ಧ ಪದ ಒಳ್ಳೆಯತನ ಅಲ್ಲವೇ ಅಲ್ಲ, ಸುಮ್ಮನಿರುವುದು. ಅಲುಗಾಡುವುದು ಎಂಬ ಅರ್ಥದ ಪದವೊಂದು ಇಂಥ ಮನೆಗೆ ಬಂದರೆ ಅದಕ್ಕೆ ಕೆಲಸ ಹುಡುಕಿಕೊಡಬೇಕಾಗಿಲ್ಲ.

ಪುರಂದರದಾಸರ "ಗುಮ್ಮನ ಕರೆಯದಿರೆ" ಪದವನ್ನು ಈ ಕಿವಿಯಿಂದ ಒಮ್ಮೆ ಕೇಳಿ. ಯಶೋದೆ ಗುಮ್ಮನನ್ನು ಕರೆಯುತ್ತೇನೆ ಅಂತ ಹೆದರಿಸಿದ್ದಾಳೆ. ಕೃಷ್ಣ ಬೇಡಿಕೊಳ್ಳುತ್ತಿದ್ದಾನೆ. ಅವನ ಮೊದಲ ಮಾತೇ ಸುಮ್ಮನಿರುತ್ತೇನೆ ಅಂತ. ಆಮೇಲೆ ಮಮ್ಮು ಉಣ್ಣುತ್ತೇನೆ, ಅಳುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬಾವಿಯ ಹತ್ತಿರ ಹೋಗುವುದಿಲ್ಲ, ಕರುಗಳನ್ನು ಬಿಡುವುದಿಲ್ಲ ಅಂತ ಪಟ್ಟಿ ಬೆಳೆಯುತ್ತದೆ. ಅಷ್ಟೂ ಅವನು ಮಾಡಿರುವ ಚೇಷ್ಟೆಗಳೇ. ಸಿಕ್ಕಿಬಿದ್ದ ಮಗು ಯಾರೂ ಕೇಳದಿದ್ದನ್ನೂ ಒಪ್ಪಿಕೊಂಡುಬಿಡುತ್ತದೆ ಅಲ್ವಾ, ಹಾಗೆ. ಕೊನೆಗೆ ಕೊಡುವ ಭಾಷೆ ಎಲ್ಲಕ್ಕಿಂತ ಸೊಗಸು: ದೇವರ ಹಾಗೆ ಒಂದೇ ಕಡೆ ಕೂತಿರುತ್ತೇನೆ ಅಂತ. ಗುಡಿಯ ಕಲ್ಲಿನ ದೇವರು ಕೂತಲ್ಲಿಂದ ಏಳುವುದಿಲ್ಲ, ಯಾವ ಕೊಡವನ್ನೂ ಒಡೆಯುವುದಿಲ್ಲ. ಆ ಮಾತು ಹೇಳುತ್ತಿರುವವನು ಯಾರು ಅಂತ ದಾಸರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಯಶೋದೆಗೆ ಮಾತ್ರ ಗೊತ್ತಿಲ್ಲ.

ಶಾಸ್ತ್ರದ ದೊಡ್ಡ ಪದಗಳನ್ನು ಮನೆಬಳಕೆಗೆ ಇಳಿಸಿಕೊಳ್ಳುವುದರಲ್ಲಿ ಕನ್ನಡಿಗರು ಯಾವತ್ತೂ ಸಂಕೋಚ ಪಟ್ಟಿಲ್ಲ. "ಇದೇನೋ ನಿನ್ನ ಅವತಾರ?", "ಶುರುವಾಯ್ತು ನೋಡು ಇವನ ಪುರಾಣ", "ಅವನ ಲೀಲೆ ಒಂದೇ ಎರಡೇ?" ಎಲ್ಲವೂ ಹೀಗೆ ಇಳಿದು ಬಂದವೇ. ಕೆಲವು ಪದ ಮೇಲೂ ಹತ್ತಿವೆ. ಸಾಹಸ ಅಂದರೆ ಧರ್ಮಶಾಸ್ತ್ರದಲ್ಲಿ ಬಲಾತ್ಕಾರ, ದರೋಡೆಯಂಥ ಹಿಂಸೆಯ ಅಪರಾಧ. ಮನುಸ್ಮೃತಿ ಪಟ್ಟಿ ಮಾಡುವ 18 ಬಗೆಯ ವ್ಯಾಜ್ಯಗಳಲ್ಲಿ ಅದೂ ಒಂದು. ನಾವು ಅದೇ ಪದಕ್ಕೆ ಸಿಂಹ ಸೇರಿಸಿ ವಿಷ್ಣುವರ್ಧನ್ ಅವರಿಗೆ ಬಿರುದು ಕೊಟ್ಟೆವು.

ತುಂಟತನದ ಕೆಲವು ಪದಗಳು ಬಂದದ್ದೂ ಸಾಹಸ ಹೊರಟ ಕಡೆಯಿಂದಲೇ, ಅಂದರೆ ಅಪರಾಧದ ಕಡೆಯಿಂದ. ಮಂಗಳೂರು, ಉಡುಪಿ ಕಡೆ "ಇವ ಭಾರೀ ಲೂಟಿ ಮಾರಾಯ್ರೆ" ಅಂತ ತಾಯಿ ಮಗನನ್ನು ತೋರಿಸಿ ಹೇಳಿದರೆ ಬೆಂಗಳೂರಿನ ಅತಿಥಿ ಗಾಬರಿಯಾಗಬೇಕಾಗಿಲ್ಲ. ಅಲ್ಲಿ ಲೂಟಿ ಅಂದರೆ ಮಕ್ಕಳ ಕಿತಾಪತಿ. ಬೇರೆ ಕಡೆ ಇದೇ ಲೂಟಿ ಬ್ಯಾಂಕಿನಲ್ಲೋ ಬಂಗಾರದ ಅಂಗಡಿಯಲ್ಲೋ ನಡೆಯುತ್ತದೆ. ಮೂಲ ಹಿಂದಿಯ ಲೂಟ್, ಅದರ ಹಿಂದೆ ಸಂಸ್ಕೃತದ ಲುಂಠನ. ಕಂಪನಿ ಸರ್ಕಾರದ ಕಾಲದಲ್ಲಿ ಇಂಗ್ಲಿಷಿನವರೂ ಈ ಪದವನ್ನು ಎತ್ತಿಕೊಂಡು ಹೋದರು. ಎತ್ತಿಕೊಂಡು ಹೋಗಲು ಅವರಿಗೆ ಅದಕ್ಕಿಂತ ತಕ್ಕ ಪದ ಸಿಗುತ್ತಿರಲಿಲ್ಲ ಬಿಡಿ. ಕಿಲಾಡಿಯದು ಇನ್ನೊಂದು ಕತೆ. ಹಿಂದಿಯಲ್ಲಿ ಖಿಲಾಡಿ ಅಂದರೆ ಆಟಗಾರ, ಅಷ್ಟೇ. ಹಿಂದಿ ಕಾಮೆಂಟರಿಯಲ್ಲಿ ರಾಹುಲ್ ದ್ರಾವಿಡ್ ಖಿಲಾಡಿ. ಕನ್ನಡದಲ್ಲಿ ದ್ರಾವಿಡ್ ಭಾರಿ ಕಿಲಾಡಿ ಅಂದರೆ ಯಾರೂ ಒಪ್ಪಲ್ಲ. ಇನ್ನು ತುಂಟ ನಮ್ಮ ಕಡೆಯದೇ ಪದ, ತೆಲುಗಿನಲ್ಲಿ ಅದರ ನೆಂಟ ತುಂಟರಿ ಇದ್ದಾನೆ.

ಇಷ್ಟೆಲ್ಲ ಪದಗಳಿದ್ದರೂ ಬಳಕೆಯಲ್ಲಿ ಒಂದರ ಜಾಗಕ್ಕೆ ಇನ್ನೊಂದು ಸುಲಭವಾಗಿ ಬರಲ್ಲ. ಒಂದು ಟೀವಿ ರಿಮೋಟ್ ತೆಗೆದುಕೊಳ್ಳಿ. ಹುಡುಗ ಅದರ ಗುಂಡಿಗಳನ್ನೆಲ್ಲ ಒತ್ತಿ ಒತ್ತಿ ಭಾಷೆ ತಮಿಳಿಗೆ ತಿರುಗಿಸಿ, ಬಣ್ಣ ಕೆಡಿಸಿ ಇಟ್ಟ. ಇದು ಚೇಷ್ಟೆ. ಅದೇ ರಿಮೋಟಿನಿಂದ ತಂಗಿಯ ಬೆನ್ನಿಗೆ ತಿವಿಯುತ್ತಾ ಕೂತ, ಅವಳು ಅಮ್ಮಾ ಅಂತ ಕೂಗುವ ತನಕ. ಇದು ಕೀಟಲೆ, ಇದಕ್ಕೆ ಎದುರಿಗೆ ಒಬ್ಬರು ಬೇಕೇ ಬೇಕು. ತಾತ ಒಂಬತ್ತರ ನ್ಯೂಸ್ ನೋಡುವಾಗ "ತಾತಾ, ಇವರಿಗೆ ಜಗಳ ಆಡೋದಕ್ಕೆ ಸಂಬಳ ಕೊಡ್ತಾರಾ?" ಅಂತ ಕೇಳಿದ. ಇದು ತರಲೆ, ಬಾಯಿಂದ ಬರುವಂಥದ್ದು. ತಾತ ಬರುವುದಕ್ಕೆ ಮೊದಲೇ ರಿಮೋಟಿನ ಸೆಲ್ ತೆಗೆದು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ತಾತ ಹುಡುಕುವಾಗ ತಾನೂ ಸೇರಿಕೊಂಡು ಹುಡುಕಿದ. ಇದು ಕಿತಾಪತಿ. ಇದಕ್ಕೆ ತಲೆ ಓಡಬೇಕು, ಮುಖ ಗಂಭೀರವಾಗಿರಬೇಕು. ಚೇಷ್ಟೆಯಲ್ಲಿ ಕೈ ಮುಂದೆ, ತಲೆ ಹಿಂದೆ. ಕಿತಾಪತಿಯಲ್ಲಿ ಅದು ಉಲ್ಟಾ.

ಚೇಷ್ಟೆಗೆ ಕು ಸೇರಿದರೆ ಬಣ್ಣವೇ ಬದಲಾಗುತ್ತದೆ. ಕುಚೇಷ್ಟೆಯಲ್ಲಿ ನಗುವುದಕ್ಕೆ ಏನೂ ಇರಲ್ಲ. ಮರಾಠಿಯಲ್ಲೂ ಕುಚೇಷ್ಟಾ ಅಂದರೆ ಮನಸ್ಸು ನೋಯುವಂಥ ಅಪಹಾಸ್ಯ. ನಮ್ಮಲ್ಲಿ ಕಟಾವಾದ ಬೆಳೆಗೆ ಬೆಂಕಿ ಇಟ್ಟಾಗ, ಹುಸಿ ಬಾಂಬ್ ಕರೆ ಬಂದಾಗ ಪತ್ರಿಕೆಗಳು ಕಿಡಿಗೇಡಿಗಳ ಕುಚೇಷ್ಟೆ ಅಂತ ಬರೆಯುತ್ತವೆ. ಅದು ಸರಿಯೇ. ನನಗೆ ಸಿಟ್ಟು ಬರುವುದು ಬಸ್ಸಿನಲ್ಲೋ ಬೀದಿಯಲ್ಲೋ ಹೆಣ್ಣುಮಕ್ಕಳಿಗೆ ಕೊಡುವ ಕಾಟವನ್ನು ಬರೀ ಚೇಷ್ಟೆ ಅಂತ ಕರೆದಾಗ. ಅಕ್ಕಿ ಡಬ್ಬದಲ್ಲಿ ಸೆಲ್ ಇಟ್ಟ ಹುಡುಗನ ಪದವನ್ನು ಅಂಥವರಿಗೆ ಕೊಡುವುದು ಹುಡುಗನಿಗೆ ಮಾಡುವ ಅನ್ಯಾಯ.

ಈ ಗೆರೆಯನ್ನು ಕಾನೂನೂ ಎಳೆಯುತ್ತದೆ. ಇಂಗ್ಲಿಷಿನಲ್ಲಿ ಮಕ್ಕಳ ತುಂಟತನಕ್ಕೆ ಹೇಳುವ ಮಿಸ್‌ಚೀಫ್ ಎಂಬ ಪದ 1860ರ ಭಾರತೀಯ ದಂಡಸಂಹಿತೆಯಲ್ಲಿ ಒಂದು ಅಪರಾಧದ ಹೆಸರು. ಬೇರೆಯವರಿಗೆ ನಷ್ಟ ಮಾಡುವ ಉದ್ದೇಶದಿಂದ, ಅಥವಾ ನಷ್ಟವಾಗಬಹುದು ಅಂತ ಗೊತ್ತಿದ್ದೂ, ಅವರ ಸ್ವತ್ತು ಹಾಳುಮಾಡುವುದು ಅಂತ 425ನೇ ಕಲಂ ಅದನ್ನು ವಿವರಿಸುತ್ತಿತ್ತು. ಅಲ್ಲಿ ಕೊಟ್ಟ ಉದಾಹರಣೆಗಳು ಓದುವುದಕ್ಕೆ ಮಜವಾಗಿವೆ. ಒಬ್ಬ ಇನ್ನೊಬ್ಬನ ಉಂಗುರವನ್ನು ಬೇಕಂತಲೇ ನದಿಗೆ ಎಸೆಯುತ್ತಾನೆ. ಮತ್ತೊಬ್ಬ ಇನ್ನೊಬ್ಬನ ಮಂಜುಗಡ್ಡೆಯ ಗೋದಾಮಿಗೆ ನೀರು ಬಿಟ್ಟು ಮಂಜೆಲ್ಲ ಕರಗಿಸುತ್ತಾನೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಇದು 324ನೇ ಕಲಂ ಆಗಿದೆ. ವಾತ್ಸ್ಯಾಯನ ಹುಡುಕಿದ ಹಾಗೇ ಕಾನೂನೂ ಚಲನೆಯ ಹಿಂದಿನ ಉದ್ದೇಶವನ್ನು ಹುಡುಕುತ್ತದೆ. ಮಕ್ಕಳಿಗೆ ಮಾತ್ರ ವಿನಾಯಿತಿ ಇದೆ: 7 ವರ್ಷದೊಳಗಿನ ಮಗು ಏನೇ ಮಾಡಿದರೂ ಅದು ಅಪರಾಧವಲ್ಲ. 7 ದಾಟಿ 12ರೊಳಗಿದ್ದರೆ, ತಾನು ಮಾಡಿದ್ದೇನು, ಅದರಿಂದ ಏನಾಗುತ್ತದೆ ಅಂತ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಅಂತ ನ್ಯಾಯಾಲಯ ನೋಡಬೇಕು.